ಮಾಸ್ಕ್ ಹಿಂದಿನ ಮೂಗು

ಆಸ್ಪತ್ರೆಯಲ್ಲಿ ದುಡಿಯುವವರಿಗೆ ಮೂಗು ಉಸಿರಾಟಕ್ಕಷ್ಟೇ ಅಲ್ಲ, ಕೆಲಸಕ್ಕೂ ಬೇಕು. ಕಾಲಿನ ಹುಣ್ಣಿನ ಬ್ಯಾಂಡೇಜ್ ಬಿಚ್ಚುವ ಮೊದಲೇ ಕೀವಿನ ಸುಳಿವು ಹಿಡಿಯುವ ಸಿಸ್ಟರ್, ಸ್ಟ್ರೆಚರ್ ತಳ್ಳುತ್ತಲೇ ರೋಗಿ ಕುಡಿದು ಬಿದ್ದವನೋ ಸಕ್ಕರೆ ಏರಿ ಬಿದ್ದವನೋ ಎಂದು ಅಂದಾಜು ಕಟ್ಟುವ ವಾರ್ಡ್ ಬಾಯ್, ಹೊದಿಕೆ ಎತ್ತಿದ ಕೂಡಲೇ 'ಇವರಿಗೆ ಹೊಟ್ಟೆಯೊಳಗೆ ರಕ್ತ ಹೋಗ್ತಿದೆ, ಡಾಕ್ಟ್ರನ್ನ ಕರೀರಿ' ಎನ್ನುವ ಆಯಮ್ಮ, ಇವರೆಲ್ಲ ಮೂಗನ್ನು ನಂಬಿ ವರ್ಷಗಟ್ಟಲೆ ಕೆಲಸ ಮಾಡಿದವರು. 2020ರಲ್ಲಿ ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲೂ ಇಂದಿರಾನಗರದ ಸರ್ ಸಿ.ವಿ. ರಾಮನ್ ಜನರಲ್ ಆಸ್ಪತ್ರೆಯಲ್ಲೂ ಕೋವಿಡ್ ವಾರ್ಡುಗಳು ಎದ್ದವು. ಬ್ರಾಡ್‌ವೇ ರಸ್ತೆಯ ಚರಕ ಆಸ್ಪತ್ರೆ ಅದೇ ವರ್ಷ ಕೋವಿಡ್ ರೋಗಿಗಳಿಗಾಗಿಯೇ ಬಾಗಿಲು ತೆರೆಯಿತು. ಅಂದಿನಿಂದ ಎನ್95 ಮಾಸ್ಕ್ ಎಂಬುದು ದಾದಿಯರ ಮುಖದ ಮೇಲೆ ಗೆರೆ ಮೂಡಿಸಿತು. ಆ ಗಲಾಟೆ ಈಗ ಇಳಿದಿದೆ, ಆದರೆ ಟಿಬಿ ವಾರ್ಡು, ಐಸಿಯು, ಆಪರೇಷನ್ ಥಿಯೇಟರ್, ಲ್ಯಾಬ್, ಶವಾಗಾರಗಳಲ್ಲಿ ಮಾಸ್ಕ್ ಉಳಿದುಕೊಂಡಿದೆ. ಜೊತೆಗೆ ಒಂದು ಅನುಮಾನವೂ ಉಳಿದಿದೆ: ಮಾಸ್ಕ್ ಹಾಕಿ ಹಾಕಿ ಮೂಗೇ ಸತ್ತುಹೋಯಿತಾ?

ಸತ್ತಿಲ್ಲ. ಮಾಸ್ಕ್ ಹಾಕಿಕೊಂಡಿರುವಷ್ಟು ಹೊತ್ತು ವಾಸನೆ ಮಂಕಾಗುತ್ತದೆ, ತೆಗೆದರೆ ಮರಳುತ್ತದೆ. ತೆಗೆದ ಮೇಲೂ ಮರಳದಿದ್ದರೆ ಕಾರಣ ಬೇರೆಲ್ಲೋ ಇದೆ, ಅದನ್ನು ಹುಡುಕಬೇಕು. ಮಾಸ್ಕ್ ಮೇಲೆ ಗೂಬೆ ಕೂರಿಸಿ ಸುಮ್ಮನಿರುವುದರಿಂದ ಆಗುವ ನಷ್ಟವೇ ಹೆಚ್ಚು.

ಕಣ ನಿಲ್ಲುತ್ತದೆ, ವಾಸನೆ ನಿಲ್ಲುವುದಿಲ್ಲ

ಎನ್95 ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 95ನ್ನಾದರೂ ತಡೆಯುವ ಮಾಸ್ಕ್. ಒಳಗಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನವಿರು ಎಳೆಗಳು. ಆ ಎಳೆಗಳಿಗೆ ವಿದ್ಯುದಾವೇಶ ತುಂಬಿರುತ್ತಾರೆ. ಧೂಳು, ಕೆಮ್ಮಿನ ಹನಿ, ವೈರಾಣು ಹೊತ್ತ ತುಂತುರು ಅದಕ್ಕೆ ಅಂಟಿ ನಿಲ್ಲುತ್ತವೆ. ಆದರೆ ವಾಸನೆ ಎಂಬುದು ಕಣವಲ್ಲ, ಆವಿ. ಒಂದೊಂದು ವಾಸನೆಯ ಅಣುವೂ ವೈರಾಣುವಿಗಿಂತ ನೂರಾರು ಪಟ್ಟು ಚಿಕ್ಕದು. ಸೊಳ್ಳೆ ಪರದೆ ಕಟ್ಟಿ ಮಲಗಿದವರಿಗೂ ಅಡುಗೆಮನೆಯ ಒಗ್ಗರಣೆ ವಾಸನೆ ಬಂದೇ ಬರುತ್ತದಲ್ಲ, ಹಾಗೆ.

ಹಾಗಿದ್ದರೆ ಮಂಕಾಗುವುದೇಕೆ? ಒಂದೇ ಕಾರಣವಲ್ಲ. ಸುಮ್ಮನೆ ಉಸಿರಾಡುವಾಗ ಮೂಗಿನೊಳಗೆ ಹೋಗುವ ಗಾಳಿಯ ಸಣ್ಣ ಪಾಲು ಮಾತ್ರ ಮೇಲ್ಭಾಗದಲ್ಲಿರುವ ವಾಸನೆಯ ಪೊರೆಯನ್ನು ಮುಟ್ಟುತ್ತದೆ. ಅದಕ್ಕೇ ನಾವು ಏನನ್ನಾದರೂ ಮೂಸಬೇಕಾದಾಗ ಎರಡು ಸಲ ಚಿಕ್ಕದಾಗಿ, ಜೋರಾಗಿ ಎಳೆಯುತ್ತೇವೆ. ಮಾಸ್ಕ್ ಆ ಎಳೆತಕ್ಕೇ ಅಡ್ಡ ನಿಲ್ಲುತ್ತದೆ. ಎರಡನೆಯದು, ಮಾಸ್ಕ್ ಮತ್ತು ಮುಖದ ನಡುವಿನ ಜಾಗದಲ್ಲಿ ನಾವೇ ಬಿಟ್ಟ ಉಸಿರು ಉಳಿದಿರುತ್ತದೆ. ಹೊಸ ಗಾಳಿ ಅದರೊಡನೆ ಬೆರೆತು ತೆಳುವಾಗಿ ಮೂಗಿಗೆ ತಲುಪುತ್ತದೆ. ಎಣ್ಣೆ ಅಂಶದ ಕೆಲವು ಪರಿಮಳಗಳು ಪಾಲಿಪ್ರೊಪಿಲೀನ್ ಎಳೆಗಳಿಗೇ ಅಂಟಿಕೊಳ್ಳುವುದೂ ಉಂಟು. ಉಸಿರು ಕಟ್ಟಿದಂತಾದಾಗ ಅನೇಕರು ತಮಗೆ ಗೊತ್ತಿಲ್ಲದೆಯೇ ಬಾಯಲ್ಲಿ ಉಸಿರಾಡಲು ಶುರುಮಾಡುತ್ತಾರೆ, ಆಗ ಮೂಗಿಗೆ ಕೆಲಸವೇ ಇಲ್ಲ.

ಇನ್ನೊಂದು ಕಾರಣ ಮಾಸ್ಕ್ ಒಳಗಿನ ವಾಸನೆಗಳದ್ದೇ. ಹೊಸ ಮಾಸ್ಕಿನ ಪ್ಲಾಸ್ಟಿಕ್ ವಾಸನೆ, ಬೆಳಗಿನ ಕಾಫಿ, ಈರುಳ್ಳಿ, ಹಲ್ಲಿನ ಹುಳುಕು, ಒಣಗುವ ಮೊದಲೇ ಮಾಸ್ಕ್ ಮುಟ್ಟಿದ ಕೈಯ ಸ್ಯಾನಿಟೈಸರ್. ಒಂದೇ ವಾಸನೆ ಕೆಲವು ನಿಮಿಷ ಸುತ್ತಿಕೊಂಡಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಆದರೂ ಆ ಹಿನ್ನೆಲೆಯ ಕಮಟು ಹೊರಗಿನ ತೆಳು ವಾಸನೆಗಳನ್ನು ಮುಚ್ಚುತ್ತಲೇ ಇರುತ್ತದೆ. ಇದರಿಂದ ಒಂದು ಲಾಭವಾಯಿತು ಅನ್ನಿ: ತಮ್ಮ ಬಾಯಿವಾಸನೆ ತಮಗೇ ಗೊತ್ತಾಗಿ ಎಷ್ಟೋ ಮಂದಿ ಹಲ್ಲಿನ ಡಾಕ್ಟರ ಬಳಿ ಹೋದರು.

ಒಟ್ಟಾರೆ, ಗಾಢ ವಾಸನೆ ಮಾಸ್ಕ್ ದಾಟಿ ಬರುತ್ತದೆ, ತೆಳು ವಾಸನೆ ತಪ್ಪಿಹೋಗುತ್ತದೆ. ವಾರ್ಡಿನಲ್ಲಿ ಬೇಕಾದದ್ದು ಬಹಳ ಸಲ ಆ ತೆಳು ವಾಸನೆಯೇ. ಗಬ್ಬು ಹೊಡೆಯುವ ಹೊತ್ತಿಗೆ ಯಾರಿಗಾದರೂ ತಿಳಿಯುತ್ತದೆ.

ಸೆಂಟ್ ಹೊಡೆದು ಮಾಸ್ಕ್ ಪರೀಕ್ಷಿಸಬೇಡಿ

'ಸೆಂಟ್ ವಾಸನೆ ಒಳಗೆ ಬಂದರೆ ಮಾಸ್ಕ್ ನಕಲಿ' ಎಂಬ ಮಾತು ಮೊಬೈಲುಗಳಲ್ಲಿ ಬಹಳ ಓಡಾಡಿತು. ಅದು ತಪ್ಪು. ಅಸಲಿ ಎನ್95 ಕೂಡ ಸೆಂಟಿನ ವಾಸನೆಯನ್ನು ಬಿಡುತ್ತದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಫಿಟ್ ಟೆಸ್ಟ್ ನಡೆಸುವವರಿಗೆ ಇದು ಹಳೆಯ ಸಂಗತಿ. ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ಎಂಬ ದ್ರವವನ್ನು ಅವರು ಬಳಸುವುದು ಆವಿ ಹೀರುವ ಡಬ್ಬಿಗಳಿರುವ ರೆಸ್ಪಿರೇಟರ್‌ಗಳಿಗೆ ಮಾತ್ರ. ಎನ್95 ಪರೀಕ್ಷೆಗೆ ಅದು ನಡೆಯದು, ಏಕೆಂದರೆ ಆ ಆವಿ ಎಷ್ಟು ಒಳ್ಳೆಯ ಮಾಸ್ಕನ್ನಾದರೂ ದಾಟುತ್ತದೆ. ಬದಲಿಗೆ ತಲೆಗೆ ಪಾರದರ್ಶಕ ಮುಸುಕು ಹಾಕಿ ಸ್ಯಾಕರಿನ್ ತುಂತುರು ಬಿಡುತ್ತಾರೆ. ನಾಲಿಗೆಗೆ ಸಿಹಿ ತಗುಲಿದರೆ ಅಂಚಿನಲ್ಲಿ ಎಲ್ಲೋ ಸಂದು ಇದೆ ಎಂದರ್ಥ. ಹೀಗೆ ಪರೀಕ್ಷೆಯಲ್ಲಿ ಕೆಲಸಕ್ಕೆ ಬರುವುದು ನಾಲಿಗೆ, ಮೂಗಲ್ಲ. ಖರೀದಿಸುವಾಗ ಪೊಟ್ಟಣದ ಮೇಲೆ ಭಾರತೀಯ ಮಾನಕ ಐಎಸ್ 9473 ಗುರುತು ನೋಡಿ. ಸರ್ಜಿಕಲ್ ಮಾಸ್ಕಿಗೆ ಬೇರೆ ಮಾನಕವಿದೆ, ಅದು ಐಎಸ್ 16289.

ವಾಸನೆ ತಡೆಯಲಾರದೆ ಮಾಸ್ಕ್ ಮೇಲೆ ಏನಾದರೂ ಹಚ್ಚುವ ಅಭ್ಯಾಸವೂ ಇದೆ. ಶವಾಗಾರದಲ್ಲಿ, ಸುಟ್ಟ ಗಾಯಗಳ ವಾರ್ಡಿನಲ್ಲಿ ನಿಂತು ಕೆಲಸ ಮಾಡಿದವರನ್ನು ಇದಕ್ಕಾಗಿ ಆಡಿಕೊಳ್ಳಲು ನನಗಂತೂ ಮನಸ್ಸಿಲ್ಲ. ವಿಕ್ಸ್, ಪುದೀನಾ ಎಣ್ಣೆ, ಶಿವಾಜಿನಗರದ ಅಂಗಡಿಯ ಒಂದು ಹನಿ ಅತ್ತರು, ಏನೇ ಆದರೂ ಎನ್95ಗೆ ಅದು ಶತ್ರು. ಹೆಸರಿನಲ್ಲಿರುವ 'ಎನ್' ಅಕ್ಷರವೇ ಈ ಮಾಸ್ಕಿಗೆ ಎಣ್ಣೆ ಆಗದು ಎಂಬ ಸೂಚನೆ. ಎಣ್ಣೆಯಾಗಲಿ ಸ್ಯಾನಿಟೈಸರ್‌ನ ಆಲ್ಕೊಹಾಲ್ ಆಗಲಿ ತಾಗಿದರೆ ಎಳೆಗಳ ವಿದ್ಯುದಾವೇಶ ಕುಂದುತ್ತದೆ. ಮಾಸ್ಕ್ ಮುಂಚಿನಂತೆಯೇ ಕಾಣುತ್ತದೆ, ತಡೆಯುವ ಶಕ್ತಿ ಮಾತ್ರ ಕುಗ್ಗಿರುತ್ತದೆ. ಪರಿಮಳವನ್ನು ಮುಖವಾಡಕ್ಕೆ ತುಂಬುವ ಈ ಯೋಚನೆ ಹೊಸದೇನಲ್ಲ. 17ನೇ ಶತಮಾನದ ಯುರೋಪಿನಲ್ಲಿ ಪ್ಲೇಗ್ ವೈದ್ಯರು ಹಕ್ಕಿಯ ಕೊಕ್ಕಿನಂಥ ಮುಖವಾಡದೊಳಗೆ ಸುಗಂಧದ ಗಿಡಮೂಲಿಕೆ ತುರುಕಿಕೊಳ್ಳುತ್ತಿದ್ದರು. ಕೆಟ್ಟ ವಾಸನೆಯೇ ರೋಗ ಎಂದು ಅವರು ನಂಬಿದ್ದರು. ನಮ್ಮ ದಂಡು ಪ್ರದೇಶ ಹುಟ್ಟಿದ ಕಾಲಕ್ಕೂ, ಅಂದರೆ 1809ರಲ್ಲಿ ಜ್ವರಪೀಡಿತ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಇಲ್ಲಿಗೆ ಬಂದು ನೆಲೆಸಿದಾಗಲೂ, ಕೆಟ್ಟ ಗಾಳಿಯಿಂದ ರೋಗ ಎಂಬ ಆ ನಂಬಿಕೆ ಗಟ್ಟಿಯಾಗಿಯೇ ಇತ್ತು. ನಮಗೆ ಈಗ ಗೊತ್ತಿದೆ: ನಾರುವುದೆಲ್ಲ ಅಂಟುವುದಿಲ್ಲ, ಟಿಬಿ ಕ್ರಿಮಿಯ ಇರುವು ನಮ್ಮ ಮೂಗಿಗೆ ತಿಳಿಯುವುದೇ ಇಲ್ಲ.

ದುರ್ವಾಸನೆ ತಡೆಯಲೇಬೇಕಾದ ಕಡೆಗೆ ಸಕ್ರಿಯ ಇದ್ದಿಲಿನ ಪದರ ಇರುವ ಮಾಸ್ಕ್ ಕೇಳಿ. ಉಸಿರು ಹೊರಬಿಡುವ ಕವಾಟ ಇರುವ ಮಾಸ್ಕ್ ಧರಿಸಿದವರಿಗೆ ಹಾಯೆನಿಸುತ್ತದೆ, ಆದರೆ ಅವರ ಉಸಿರು ಸೋಸದೆ ರೋಗಿಯ ಕಡೆಗೆ ಹೋಗುತ್ತದೆ. ಆಪರೇಷನ್ ಥಿಯೇಟರಿಗೆ ಅದು ಬೇಡ.

ಮೂಗಿನ ಕೆಲಸ ಕಣ್ಣಿಗೆ, ಸ್ಟ್ರಿಪ್ಪಿಗೆ

ವಾರ್ಡಿನಲ್ಲಿ ಮಾಸ್ಕ್ ಕಳಚಿ ಮೂಸಿ ನೋಡುವಂತಿಲ್ಲ. ಆದ್ದರಿಂದ ಮೂಗು ಹೇಳುತ್ತಿದ್ದದ್ದನ್ನು ಬೇರೆ ಯಾವುದರಿಂದ ತಿಳಿಯಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಸಕ್ಕರೆ ಕಾಯಿಲೆಯವರ ಕೀಟೋಆಸಿಡೋಸಿಸ್ ಇದರಲ್ಲಿ ಮುಖ್ಯವಾದದ್ದು. ಉಸಿರಿನಲ್ಲಿ ಕೊಳೆತ ಹಣ್ಣಿನ, ನೇಲ್ ಪಾಲಿಶ್ ರಿಮೂವರ್‌ನ ವಾಸನೆ ಬರುತ್ತದೆ. ಅದು ಅಸಿಟೋನ್. ಮಾಸ್ಕ್ ಹಾಕಿದವರಿಗೆ ಇದು ಸುಲಭವಾಗಿ ತಪ್ಪುತ್ತದೆ, ಮದ್ಯದ ವಾಸನೆ ಎಂದು ತಪ್ಪು ತಿಳಿಯುವ ಸಾಧ್ಯತೆಯೂ ಇದೆ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ ಇವನ್ನು ಕಂಡರೆ ಮೂಗಿಗೆ ಕಾಯದೆ ಗ್ಲುಕೋಮೀಟರ್ ಹಿಡಿಯಿರಿ, ಕೀಟೋನ್ ಪರೀಕ್ಷೆಗೂ ಕಳಿಸಿ. ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆ (ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವಂಥವು) ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋನ್ ಏರಬಹುದು. ಅಂಥವರಲ್ಲಿ ಗ್ಲುಕೋಮೀಟರ್ ಅಂಕಿ ಒಂದನ್ನೇ ನೋಡಿ ಸಮಾಧಾನ ಪಡುವಂತಿಲ್ಲ.

ಗಾಯಗಳ ವಿಷಯದಲ್ಲಿ ಡ್ರೆಸಿಂಗ್ ಬಟ್ಟೆಯ ಬಣ್ಣ ನೋಡಿ. ಸೂಡೊಮೊನಾಸ್ ಸೋಂಕಿಗೆ ಸಿಹಿಯಾದ, ದ್ರಾಕ್ಷಿಯಂಥ ವಾಸನೆ ಇರುತ್ತದೆ ಎಂದು ಪಾಠದಲ್ಲಿ ಓದಿರುತ್ತೀರಿ. ಅದೇ ಸೋಂಕು ಬ್ಯಾಂಡೇಜ್ ಮೇಲೆ ಬಿಡುವ ಹಸಿರು ಕಲೆ ಕಾಣಲು ಮಾಸ್ಕ್ ಅಡ್ಡಿಯಿಲ್ಲ. ಡ್ರೆಸಿಂಗ್ ದಾಖಲೆಯಲ್ಲಿ 'ವಾಸನೆ ಇಲ್ಲ' ಎಂದು ಬರೆಯುವ ಮೊದಲು ಒಂದು ಕ್ಷಣ ಯೋಚಿಸಿ. 'ಮಾಸ್ಕ್ ಇದ್ದುದರಿಂದ ವಾಸನೆ ನೋಡಿಲ್ಲ' ಎಂಬುದು ಪ್ರಾಮಾಣಿಕ ದಾಖಲೆ, ಮುಂದಿನ ಶಿಫ್ಟಿನವರಿಗೆ ಅದು ಉಪಯೋಗಕ್ಕೂ ಬರುತ್ತದೆ. ಹೊಟ್ಟೆಯೊಳಗೆ ರಕ್ತ ಹೋಗುತ್ತಿರುವ ಅನುಮಾನವಿದ್ದರೆ ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದೆಯೇ ಎಂಬುದನ್ನೂ ಕಣ್ಣಿನಿಂದಲೇ ನೋಡಬೇಕು.

ಹೊಸಕೋಟೆ, ಮಾಲೂರು ಕಡೆಯಿಂದ ಕೀಟನಾಶಕ ಕುಡಿದವರನ್ನು ಕರೆತಂದಾಗ ಬಟ್ಟೆಯಿಂದ, ಬಾಯಿಯಿಂದ ಬೆಳ್ಳುಳ್ಳಿಯಂಥ ಇಲ್ಲವೇ ಸೀಮೆಎಣ್ಣೆಯಂಥ ವಾಸನೆ ಬರುವುದುಂಟು. ಮಾಸ್ಕ್ ಹಾಕಿದವರು ನೋಡಬೇಕಾದದ್ದು ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಸುರಿಯುವ ಜೊಲ್ಲು, ಬೆವರು, ನಿಧಾನವಾದ ನಾಡಿ. ಮನೆಯವರನ್ನೂ ಕೇಳಿ. ಅವರ ಮೂಗಿಗೆ ಮಾಸ್ಕ್ ಇರಲಿಲ್ಲ. 'ಅಣ್ಣ, ಮನೇಲಿ ಏನು ವಾಸನೆ ಬಂತು? ಡಬ್ಬ ತಂದಿದ್ದೀರಾ?' ಎಂಬ ಎರಡು ಪ್ರಶ್ನೆ ಎಷ್ಟೋ ಹೊತ್ತು ಉಳಿಸುತ್ತವೆ. ಅಂದಹಾಗೆ ಮೂಗನ್ನು ಪೂರ್ತಿ ನಂಬುವುದು ಮಾಸ್ಕ್ ಇಲ್ಲದಿದ್ದಾಗಲೂ ಸರಿಯಲ್ಲ. ಸೈನೈಡ್‌ನ ಕಹಿ ಬಾದಾಮಿ ವಾಸನೆ ಕೆಲವರಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ.

ವಾಸನೆ ಇಲ್ಲದಿದ್ದರೂ ವಿಷ ಒಳಗೆ ಹೋಗುತ್ತದೆ

ಈ ಭಾಗವನ್ನು ಹೌಸ್‌ಕೀಪಿಂಗ್‌ನವರು, ಲ್ಯಾಬಿನವರು, ಕ್ಯಾಂಟೀನಿನವರು ದಯವಿಟ್ಟು ಗಮನವಿಟ್ಟು ಓದಬೇಕು. ಎನ್95 ವಾಸನೆಯನ್ನು ಮಂಕು ಮಾಡುತ್ತದೆ, ಆದರೆ ಅನಿಲವನ್ನು ತಡೆಯುವುದಿಲ್ಲ. ಎಂದರೆ ಎಚ್ಚರಿಕೆ ತಡವಾಗಿ ಸಿಗುತ್ತದೆ, ಅಪಾಯ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ.

ಬ್ಲೀಚಿಂಗ್ ದ್ರಾವಣಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬೇಗ ಹೊಳೆಯಲಿ ಎಂದು ಎರಡನ್ನೂ ಒಂದೇ ಬಕೆಟ್ಟಿಗೆ ಸುರಿಯುವವರಿದ್ದಾರೆ. ಒಂದನ್ನು ಹಾಕಿ ತೊಳೆದು ನೀರು ಬಿಟ್ಟ ಮೇಲಷ್ಟೇ ಇನ್ನೊಂದು. ಕಿಟಕಿ ತೆರೆದಿರಲಿ. ಕಣ್ಣು ಉರಿದು ನೀರು ಬಂದರೆ, ಗಂಟಲು ಕೆರೆದರೆ ವಾಸನೆಗಾಗಿ ಕಾಯದೆ ಹೊರಗೆ ಬನ್ನಿ. ಪೆಥಾಲಜಿ ಲ್ಯಾಬ್, ಶವಾಗಾರಗಳ ಫಾರ್ಮಾಲಿನ್ ವಿಷಯದಲ್ಲೂ ಕಣ್ಣಿನ ಉರಿಯೇ ನಂಬಬಹುದಾದ ಸೂಚನೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ಎನ್95 ಅದಕ್ಕೆ ರಕ್ಷಣೆಯಲ್ಲ. ಗಾಳಿ ಹೊರಗೆಳೆಯುವ ಫ್ಯಾನು, ಆವಿ ಹೀರುವ ಡಬ್ಬಿಯ ರೆಸ್ಪಿರೇಟರ್ ಇವನ್ನು ಹಕ್ಕಿನಿಂದ ಕೇಳಿ. ಥಿಯೇಟರಿನಲ್ಲಿ ಕಾಟರಿಯಿಂದ ಏಳುವ ಹೊಗೆಗೂ ಸರ್ಜಿಕಲ್ ಮಾಸ್ಕ್ ಸಾಲದು, ಗಾಯದ ಬಳಿಯೇ ಹೊಗೆ ಎಳೆಯುವ ಸಕ್ಷನ್ ಇರಬೇಕು.

ಸಿಲಿಂಡರಿನ ಅಡುಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲ. ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸುತ್ತಾರೆ. ಕ್ಯಾಂಟೀನಿನಲ್ಲಿ ಮಾಸ್ಕ್ ಹಾಕಿಕೊಂಡು ಅಡುಗೆ ಮಾಡುವವರಿಗೆ ಅದು ತಡವಾಗಿ ತಿಳಿಯಬಹುದು. ಗಾಳಿಗಿಂತ ಭಾರವಾದ್ದರಿಂದ ಅನಿಲ ನೆಲದ ಮೇಲೇ ಹರಡಿರುತ್ತದೆ. ಗೋಡೆಯ ಕೆಳಭಾಗಕ್ಕೆ ಅಲಾರಂ ಕೂರಿಸುವುದು ಒಳ್ಳೆಯದು. ಅನುಮಾನ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಬಂದು 1906ಕ್ಕೆ ಫೋನ್ ಮಾಡಿ. ಐಸಿಯುವಿನಲ್ಲಿ 'ಏನೋ ಸೀದ ವಾಸನೆ ಬರ್ತಿದೆ ಸಿಸ್ಟರ್' ಎಂದು ರೋಗಿಯ ಕಡೆಯವರು ಹೇಳಿದರೆ 'ನಮಗೇನೂ ಬರ್ತಿಲ್ಲವಲ್ಲ' ಎಂದು ತಳ್ಳಿಹಾಕಬೇಡಿ. ಆಮ್ಲಜನಕ ಹರಿಯುವ ಜಾಗದಲ್ಲಿ ವೈರು ಸೀಯುವುದು ಸಣ್ಣ ಮಾತಲ್ಲ.

ಮನೆಯಲ್ಲಿ ಮಾಡಿಕೊಳ್ಳುವ ಪರೀಕ್ಷೆ

ಆಸ್ಪತ್ರೆಗಳಲ್ಲಿ ವಾಸನೆ ಅಳೆಯಲು ವಾಸನೆ ತುಂಬಿದ ಪೆನ್ನುಗಳಿವೆ, ಉಜ್ಜಿ ಮೂಸುವ 40 ವಾಸನೆಗಳ ಪರೀಕ್ಷಾ ಪುಸ್ತಿಕೆಗಳಿವೆ. ಅವೆಲ್ಲ ಎಲ್ಲ ಕಡೆ ಸಿಗುವುದಿಲ್ಲ. ಮನೆಯ ಸಾಮಾನಿನಲ್ಲೇ ಒಂದು ಅಂದಾಜು ಪಡೆಯಬಹುದು.

ರಜೆಯ ದಿನ ಬೆಳಿಗ್ಗೆ, ತಿಂಡಿಗೆ ಮೊದಲು, ನೆಗಡಿ ಇಲ್ಲದಾಗ ಕೂತುಕೊಳ್ಳಿ. ಕಾಫಿಪುಡಿ, ಲವಂಗ, ಏಲಕ್ಕಿ, ಆಗ ತಾನೇ ಸುಲಿದ ನಿಂಬೆ ಸಿಪ್ಪೆ, ಮಲ್ಲಿಗೆ, ಇಂಗು ಇಷ್ಟು ಸಾಕು. ಒಂದೊಂದನ್ನೂ ಚಿಕ್ಕ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡಿ. ನೀವು ಕಣ್ಣು ಮುಚ್ಚಿ, ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದರಿಂದ ಎರಡು ಸಲ ಚಿಕ್ಕದಾಗಿ ಮೂಸಿ ಹೆಸರು ಹೇಳಿ. ಅರ್ಧ ನಿಮಿಷ ಬಿಡುವು ಕೊಟ್ಟು ಮುಂದಿನದಕ್ಕೆ ಹೋಗಿ. ಎರಡು ಹೊಳ್ಳೆಗೂ ಬೇರೆ ಬೇರೆಯಾಗಿ ಬರೆದಿಡಿ. ಆಮೇಲೆ ಮಾಸ್ಕ್ ಹಾಕಿಕೊಂಡು ಅದನ್ನೇ ಮತ್ತೆ ಮಾಡಿ. ಯಾವ ವಾಸನೆಯನ್ನು ನಿಮ್ಮ ಮಾಸ್ಕ್ ನುಂಗುತ್ತದೆ, ಯಾವುದನ್ನು ಬಿಡುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಇನ್ನೊಂದು ದಿನ ಡ್ಯೂಟಿ ಮುಗಿಸಿ, ಮಾಸ್ಕ್ ತೆಗೆದು ಮುಖ ತೊಳೆದು, ನೀರು ಕುಡಿದು, ಅರ್ಧ ಗಂಟೆ ಬಿಟ್ಟು ನೋಡಿ. ರಜೆಯ ದಿನದ ಫಲಿತಾಂಶಕ್ಕೆ ಹತ್ತಿರವಿದ್ದರೆ ಚಿಂತೆಯಿಲ್ಲ.

ಒಂದು ಎಚ್ಚರ. ವಿಕ್ಸ್, ಕರ್ಪೂರ, ಹೆಚ್ಚಿದ ಈರುಳ್ಳಿ, ಸ್ಯಾನಿಟೈಸರ್ ಇವನ್ನು ಪರೀಕ್ಷೆಗೆ ಬಳಸಬೇಡಿ. ಅವುಗಳ ತಂಪು, ಘಾಟು, ಉರಿಯನ್ನು ಹಿಡಿಯುವುದು ಮುಖದ ಸ್ಪರ್ಶದ ನರ, ವಾಸನೆಯ ನರವಲ್ಲ. ವಾಸನೆ ಪೂರ್ತಿ ಹೋದವರಿಗೂ ವಿಕ್ಸ್ 'ಬರುತ್ತದೆ'. 'ನನಗೆ ವಿಕ್ಸ್ ಗೊತ್ತಾಗುತ್ತೆ, ಮೂಗು ಸರಿಯಾಗಿದೆ' ಎಂದು ತಿಂಗಳುಗಟ್ಟಲೆ ಮೋಸ ಹೋಗುವುದು ಹೀಗೆ.

ಊಟದಲ್ಲೂ ಸುಳಿವು ಸಿಗುತ್ತದೆ. ಮೂಗು ಕೈಕೊಟ್ಟವರಿಗೆ ಸಾರಿನ ಉಪ್ಪು, ಹುಳಿ, ಖಾರ ತಿಳಿಯುತ್ತವೆ, ಇಂಗಿನ ಒಗ್ಗರಣೆ ತಿಳಿಯುವುದಿಲ್ಲ. ಹನ್ನೆರಡು ಗಂಟೆ ಡ್ಯೂಟಿಯ ನಂತರದ ಮೊದಲ ಲೋಟ ಚಹಾ ಸಪ್ಪೆ ಎನಿಸಿದರೆ ಅದಕ್ಕೆ ಒಣಗಿದ ಮೂಗು, ನೀರು ಕುಡಿಯದ ಬಾಯಿ ಕಾರಣವಿರಬಹುದು. ಮರುದಿನವೂ, ಅದರ ಮರುದಿನವೂ ಸಪ್ಪೆಯಾಗಿದ್ದರೆ ಮಾತ್ರ ಯೋಚಿಸಬೇಕು.

ಮರಳದಿದ್ದರೆ

ಆರೋಗ್ಯ ಕಾರ್ಯಕರ್ತರಲ್ಲಿ ಮೊದಲ ಶಂಕೆ ಇಂದಿಗೂ ಕೋವಿಡ್. ವಾಸನೆ, ರುಚಿ ಹೋಗುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2020ರ ಜೂನ್‌ನಲ್ಲಿ. ಆ ವೈರಾಣು ಮುಖ್ಯವಾಗಿ ಹಿಡಿಯುವುದು ವಾಸನೆಯ ನರಕೋಶಗಳ ಪಕ್ಕದಲ್ಲಿದ್ದು ಅವನ್ನು ಪೋಷಿಸುವ ಕೋಶಗಳನ್ನು. ಆದ್ದರಿಂದಲೇ ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ಅರ್ಧ ಮರಳಿತು, ಕೆಲವರಿಗೆ ತಿರುಚಿಕೊಂಡು ಬಂತು: ಕಾಫಿ ಸುಟ್ಟ ರಬ್ಬರಿನಂತೆ, ಮೊಟ್ಟೆ ಕೊಳೆತಂತೆ. ಮಾಸ್ಕ್ ಮತ್ತು ಸೋಂಕು ಎರಡೂ ಒಂದೇ ಕಾಲದಲ್ಲಿ ಬಂದದ್ದರಿಂದ ಒಂದರ ತಪ್ಪು ಇನ್ನೊಂದರ ಮೇಲೆ ಬಿತ್ತು.

ಇನ್ನುಳಿದ ಕಾರಣಗಳು ಹಳೆಯವೇ. ಅಲರ್ಜಿಯ ನೆಗಡಿ, ಸೈನಸ್, ಮೂಗಿನೊಳಗಿನ ಪಾಲಿಪ್ ಗಡ್ಡೆ. ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ ಬೆಂಗಳೂರಿಗರ ಮೂಗಿಗೆ ಹಳೆಯ ವೈರಿ. ಕೆ.ಆರ್. ಪುರದಿಂದ ಟಿನ್ ಫ್ಯಾಕ್ಟರಿ ದಾಟಿ ಬೈಕಿನಲ್ಲಿ ಬರುವವರ ಮೂಗು ಡ್ಯೂಟಿ ಶುರುವಾಗುವ ಮೊದಲೇ ಧೂಳಿಗೆ ಕಟ್ಟಿರುತ್ತದೆ. ಉಪ್ಪುನೀರಿನ ಹನಿ ಇಲ್ಲವೇ ಸ್ಪ್ರೇ ಬಳಸಿ ತೊಳೆದುಕೊಳ್ಳಬಹುದು. ಕಟ್ಟಿದ ಮೂಗು ತಕ್ಷಣ ಬಿಡಿಸುವ ಕ್ಸೈಲೊಮೆಟಜೋಲಿನ್ ಹನಿಗಳನ್ನು ವಾರಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ಔಷಧಿ ಕೈಗೆ ಸುಲಭವಾಗಿ ಸಿಗುವ ನಮ್ಮ ಆಸ್ಪತ್ರೆ ಸಿಬ್ಬಂದಿ ಈ ಬಲೆಗೆ ಬೀಳುವುದು ಸುಲಭ. ತಲೆಗೆ ಪೆಟ್ಟಾದ ಮೇಲೆ ವಾಸನೆ ಹೋದರೆ, ಒಂದೇ ಹೊಳ್ಳೆಯಿಂದ ರಕ್ತ ಅಥವಾ ಕೀವು ಬಂದರೆ ತಡ ಮಾಡಬಾರದು. ವಯಸ್ಸಾದವರಲ್ಲಿ ಕಾರಣವಿಲ್ಲದೆ ವಾಸನೆ ಕುಗ್ಗುವುದು ಕೆಲವು ಸಲ ಪಾರ್ಕಿನ್ಸನ್ ಕಾಯಿಲೆಯ ಬಹಳ ಮುಂಚಿನ ಸೂಚನೆ.

ಎರಡು ವಾರ ಕಾದೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಬೌರಿಂಗ್ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಶಿವಾಜಿನಗರ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಇ.ಎಸ್.ಐ. ಕಾರ್ಡ್ ಇರುವ ಹೌಸ್‌ಕೀಪಿಂಗ್, ಸೆಕ್ಯುರಿಟಿ ಸಿಬ್ಬಂದಿಗೆ ಇಂದಿರಾನಗರದಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ಹೋಗುವಾಗ ಮನೆಯ ಪರೀಕ್ಷೆಯ ಚೀಟಿಯನ್ನೂ, ಯಾವ ರಾಸಾಯನಿಕದ ಜೊತೆ ಎಷ್ಟು ಹೊತ್ತು ಕೆಲಸ ಮಾಡುತ್ತೀರಿ ಎಂಬ ವಿವರವನ್ನೂ ಒಯ್ಯಿರಿ.

ಡಾಕ್ಟರು ಸೂಚಿಸಬಹುದಾದ ಒಂದು ಚಿಕಿತ್ಸೆಗೆ ಖರ್ಚು ಬಹಳ ಕಡಿಮೆ. ಜರ್ಮನಿಯ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಾಸನೆಯ ಅಭ್ಯಾಸ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ, ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡು, ಮನಸ್ಸಿಟ್ಟು ಮೂಸಬೇಕು. ಕನಿಷ್ಠ 12 ವಾರ ಬಿಡದೆ ಮಾಡಬೇಕು. ಲವಂಗ, ನಿಂಬೆ ಮನೆಯಲ್ಲೇ ಇವೆ. ಗುಲಾಬಿ ಅತ್ತರು, ನೀಲಗಿರಿ ಎಣ್ಣೆಯ ಹನಿಯನ್ನು ಹತ್ತಿಗೆ ಹಾಕಿ ಮುಚ್ಚಳವಿರುವ ಗಾಜಿನ ಶೀಶೆಯಲ್ಲಿಡಿ. ಬಾಟಲಿಗೆ ಹೆಸರು ಬರೆದು ಅಂಟಿಸಿ, ಮೂಸುವಾಗ ಆ ಹೆಸರನ್ನು ನೋಡುತ್ತಲೇ ಅದರ ಹಳೆಯ ಘಮವನ್ನು ನೆನಪಿಸಿಕೊಳ್ಳಿ. ವಾಸನೆಯ ನರಕೋಶಗಳು ಬದುಕಿನುದ್ದಕ್ಕೂ ಹೊಸದಾಗಿ ಹುಟ್ಟುತ್ತಿರುತ್ತವೆ, ಅಭ್ಯಾಸ ಕೆಲಸ ಮಾಡುವುದಕ್ಕೆ ಅದೂ ಒಂದು ಆಧಾರವಿರಬಹುದು. ಬೆಳಗಿನ ಸುತ್ತನ್ನು ಡ್ಯೂಟಿಗೆ ಹೊರಡುವ ಮೊದಲು ಮುಗಿಸಿ, ಸಂಜೆಯದನ್ನು ಮಾಸ್ಕ್ ತೆಗೆದ ತಕ್ಷಣ ಬೇಡ, ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ನೈಟ್ ಶಿಫ್ಟಿನವರು ಹೊತ್ತು ಬದಲಿಸಿಕೊಂಡರೂ ಅಡ್ಡಿಯಿಲ್ಲ, ಎರಡು ಸುತ್ತು ತಪ್ಪದಿದ್ದರೆ ಆಯಿತು.